ಒಂಬತ್ತು ವಾರ, 27 ಓಟ, 489 ನಿಮಿಷ: ‘ಕೌಚ್ ಟು 5ಕೆ’ ಹೇಗಿದೆ?

ಓಟವೆಂದರೆ ಮೂಗು ಮುರಿಯುವವರಿಗೆ ಓಟದ ರುಚಿ ಹತ್ತಿಸುವ ಯೋಜನೆಗಳಲ್ಲಿ ‘ಕೌಚ್ ಟು 5ಕೆ’ಯಷ್ಟು ಹೆಸರಾದದ್ದು ಇನ್ನೊಂದಿಲ್ಲ. ಸೋಫಾದಲ್ಲಿ ಕೂತವರನ್ನು ಎಬ್ಬಿಸಿ, ವಾರಕ್ಕೆ ಮೂರು ಸಲದಂತೆ ಒಂಬತ್ತು ವಾರ ಓಡಿಸಿ, ಐದು ಕಿಲೋಮೀಟರಿಗೆ ತಂದು ಮುಟ್ಟಿಸುತ್ತೇನೆ ಎಂಬುದು ಅದರ ಮಾತು. ಸೋಫಾದಿಂದ ಎಬ್ಬಿಸುವುದು ಪೂರ್ತಿ ನಿಜ. ಐದು ಕಿಲೋಮೀಟರ್ ಎಂಬುದು ಅರ್ಧ ಮಾತ್ರ ನಿಜ. ಯೋಜನೆಯನ್ನು ನಡುವೆ ಬಿಟ್ಟವರಲ್ಲಿ ಹಲವರು ಎಡವುವುದು ಈ ಅರ್ಧದಲ್ಲೇ. ದುಡ್ಡು ಕೇಳದ ಸರಕು, ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಆದರೆ ಕಳೆದ ಒಂದು ಅಂಕ ಎಲ್ಲಿ ಹೋಯಿತು ಎಂಬುದು ಗೊತ್ತಿದ್ದರೆ ಮಂಡಿ, ಮೀನಖಂಡ ಎರಡೂ ಉಳಿಯುತ್ತವೆ.

ಇದನ್ನು ಕಟ್ಟಿದವರು ಅಮೆರಿಕದ ಜಾಷ್ ಕ್ಲಾರ್ಕ್, 1996ರಲ್ಲಿ. ಐವತ್ತು ದಾಟಿದ ತಮ್ಮ ತಾಯಿಯನ್ನು ಓಟಕ್ಕೆ ಹಚ್ಚಬೇಕೆಂದು ಬರೆದ ವೇಳಾಪಟ್ಟಿ ಇದು. ಅವರೇನೂ ಕ್ರೀಡಾ ವಿಜ್ಞಾನಿಯಲ್ಲ. ಬಹುಶಃ ಅದರಿಂದಲೇ ವೇಳಾಪಟ್ಟಿಯಲ್ಲಿ ನಾಡಿಬಡಿತದ ವಲಯ, ಲ್ಯಾಕ್ಟೇಟ್ ಇತ್ಯಾದಿ ಯಾವ ಪಾಂಡಿತ್ಯವೂ ಇಲ್ಲ. ಓಡು, ನಡಿ, ಓಡು, ನಡಿ, ಅಷ್ಟೇ. ಮುಂದೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದನ್ನು ತನ್ನದಾಗಿಸಿಕೊಂಡು ಮೊದಲು ಪಾಡ್‌ಕಾಸ್ಟ್ ರೂಪದಲ್ಲಿ, 2016ರಲ್ಲಿ ಬಿಬಿಸಿಯ ಜೊತೆ ಸೇರಿ ಆ್ಯಪ್ ರೂಪದಲ್ಲಿ ಕೊಟ್ಟಿತು. ಇದೇ ಹೆಸರಿನ, ಹೆಸರನ್ನು ಸ್ವಲ್ಪ ತಿರುಚಿಕೊಂಡ ಖಾಸಗಿ ಆ್ಯಪ್‌ಗಳೂ ಬೇಕಾದಷ್ಟಿವೆ. ಇಲ್ಲಿ ಹೇಳುತ್ತಿರುವುದು ಎನ್‌ಎಚ್‌ಎಸ್ ಆ್ಯಪ್‌ನ ಬಗ್ಗೆ.

ಆ್ಯಪ್‌ನ ಕೆಲಸ ಕಿವಿಯಲ್ಲಿ ಮಾತಾಡುವುದು. ಈಗ ಓಡಿ, ಈಗ ನಡೆಯಿರಿ, ಅರ್ಧ ಮುಗಿಯಿತು ಎಂದು ಒಂದು ದನಿ ಹೇಳುತ್ತದೆ. ನಿಮ್ಮ ಹಾಡು ಹಿನ್ನೆಲೆಯಲ್ಲಿ ತನ್ನಪಾಡಿಗೆ ಹೋಗುತ್ತಿರುತ್ತದೆ. ಹಳೆಯ ಪಾಡ್‌ಕಾಸ್ಟಿನ ಲಾರಾ, ಹಾಸ್ಯ ಕಲಾವಿದರಾದ ಸಾರಾ ಮಿಲಿಕನ್ ಮತ್ತು ಸಂಜೀವ್ ಕೊಹ್ಲಿ, ರೇಡಿಯೊದ ಜೋ ವೈಲಿ, ಓಟಗಾರ ಮೈಕೆಲ್ ಜಾನ್ಸನ್ ಇವರಲ್ಲಿ ಒಬ್ಬರನ್ನು ಆರಿಸಿಕೊಳ್ಳುವಂತೆ ಆ್ಯಪ್ ಹೆಸರು ಮಾಡಿತು. ಜಾನ್ಸನ್ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ 200 ಮೀಟರನ್ನು 19.32 ಸೆಕೆಂಡಿನಲ್ಲಿ ಓಡಿದ್ದೂ ಅದೇ 1996ರಲ್ಲಿ. ಆ ಮನುಷ್ಯ ನಿಮ್ಮ ಒಂದು ನಿಮಿಷದ ತೆವಳಾಟಕ್ಕೆ ಶಹಬ್ಬಾಸ್ ಹೇಳುವುದರಲ್ಲಿ ಒಂದು ತಮಾಷೆಯಿದೆ. ಆಯ್ಕೆಯ ವಿಷಯದಲ್ಲಿ ಸಲಹೆ ಒಂದೇ: ನಗಿಸುವ ದನಿಯನ್ನು ಆರಿಸಿ. ಹುರಿದುಂಬಿಸುವ ದನಿ ಕೇಳಿದರೆ ಕಾಲು ತಾನಾಗಿ ಜೋರಾಗುತ್ತದೆ, ಹೊಸಬರಿಗೆ ಬೇಡವಾದದ್ದು ಅದೇ.

ಈಗ ವೇಳಾಪಟ್ಟಿ. ಪ್ರತಿ ಸಲವೂ ಮೊದಲು 5 ನಿಮಿಷ ಬಿರುಸು ನಡಿಗೆ, ಕೊನೆಯಲ್ಲಿ 5 ನಿಮಿಷ ನಿಧಾನ ನಡಿಗೆ. ನಡುವಿನದಷ್ಟೇ ವಾರವಾರಕ್ಕೆ ಬದಲಾಗುತ್ತದೆ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಎರಡನೇ ವಾರ 90 ಸೆಕೆಂಡ್ ಓಟ, 2 ನಿಮಿಷ ನಡಿಗೆ. ಮೂರನೆಯದರಲ್ಲಿ ಒಂದೂವರೆ ನಿಮಿಷ ಓಟ, ಅಷ್ಟೇ ನಡಿಗೆ, 3 ನಿಮಿಷ ಓಟ, 3 ನಿಮಿಷ ನಡಿಗೆ. ಇದು ಎರಡು ಸುತ್ತು. ನಾಲ್ಕನೇ ವಾರ ಓಟ 3, 5, 3, 5 ನಿಮಿಷ, ನಡುವೆ ಒಂದೂವರೆಯಿಂದ ಎರಡೂವರೆ ನಿಮಿಷದ ನಡಿಗೆ. ಐದನೇ ವಾರದ ಮೂರೂ ದಿನ ಬೇರೆಬೇರೆ: ಮೊದಲ ದಿನ ಐದೈದು ನಿಮಿಷದ ಮೂರು ಓಟ, ಎರಡನೇ ದಿನ ಎಂಟೆಂಟರ ಎರಡು, ಮೂರನೇ ದಿನ ನಡಿಗೆಯೇ ಇಲ್ಲದ 20 ನಿಮಿಷ. ಆರನೇ ವಾರ 5-8-5, ಆಮೇಲೆ 10-10, ಆಮೇಲೆ ಒಂದೇ ಸಮ 25. ಏಳನೇ ವಾರ 25, ಎಂಟನೇ ವಾರ 28, ಒಂಬತ್ತನೇ ವಾರ 30 ನಿಮಿಷ, ಮೂರು ಮೂರು ಸಲ.

ಓಟದ ನಿಮಿಷಗಳನ್ನಷ್ಟೇ ಕೂಡಿದರೆ 27 ದಿನಕ್ಕೆ 489 ಆಗುತ್ತದೆ, ಅಂದರೆ ಎಂಟು ಗಂಟೆ ಚಿಲ್ಲರೆ. ಇಷ್ಟು ಚಿಕ್ಕ ಬಂಡವಾಳಕ್ಕೆ ಇಷ್ಟು ಲಾಭ ಕೊಡುವ ವ್ಯಾಯಾಮ ಕಡಿಮೆ. ಇದರ ಜಾಣತನ ಮೊದಲ ಮೂರು ವಾರದಲ್ಲಿದೆ. ದಿನಕ್ಕೆ 8 ನಿಮಿಷ, 9 ನಿಮಿಷ, ಮತ್ತೆ 9 ನಿಮಿಷ. ಇದೂ ಒಂದು ವ್ಯಾಯಾಮವೇ ಎನಿಸುವಷ್ಟು ಕಮ್ಮಿ. ಹೃದಯ, ಶ್ವಾಸಕೋಶ, ಸ್ನಾಯು ಕೆಲವೇ ವಾರಗಳಲ್ಲಿ ಹೊಸ ದುಡಿಮೆಗೆ ಒಗ್ಗುತ್ತವೆ. ಎಲುಬು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರು ಹಗುರಾಯಿತು, ಇನ್ನೂ ಓಡಬಲ್ಲೆ ಎಂದು ಅನ್ನಿಸುವುದು ಸರಿಯಾಗಿ ಆ ಹೊತ್ತಿಗೇ, ಹಿಮ್ಮಡಿಯ ಮೇಲಿನ ರಜ್ಜು ಇನ್ನೂ ಹಳೆಯ ಸ್ಥಿತಿಯಲ್ಲೇ ಇರುವಾಗ. ಮೊದಲ ವಾರವೇ ‘ಇದು ಸಲೀಸು’ ಎಂದು ನಾಲ್ಕನೇ ವಾರಕ್ಕೆ ಹಾರಿದವರು ಮೂರನೇ ವಾರ ಫಿಸಿಯೋಥೆರಪಿಸ್ಟ್ ಮುಂದೆ ಕೂತಿರುತ್ತಾರೆ. ಎರಡು ಓಟಗಳ ನಡುವೆ ಒಂದು ದಿನ ಬಿಡುವು ಎಂಬ ನಿಯಮವೂ ಇದೇ ಕಾರಣಕ್ಕೆ. ಸೋಮವಾರ, ಬುಧವಾರ, ಶನಿವಾರ ಎಂದಿಟ್ಟುಕೊಂಡರೆ ಬುಧವಾರ ತಪ್ಪಿದರೂ ಗುರುವಾರಕ್ಕೆ ಜಾಗ ಉಳಿದಿರುತ್ತದೆ.

ಆದರೆ ವೇಳಾಪಟ್ಟಿಯ ಮೆಟ್ಟಿಲುಗಳು ಒಂದೇ ಎತ್ತರದವಲ್ಲ. ಎಲ್ಲರೂ ಹೆದರುವುದು ಐದನೇ ವಾರದ ಮೂರನೇ ದಿನಕ್ಕೆ. ನಿಜವಾಗಿ ಕಾಲಿಗೆ ಹೊರೆ ಬೀಳುವುದು ಅದಕ್ಕೂ ಮುಂಚೆ, ನಾಲ್ಕನೇ ವಾರದ ಮೊದಲ ದಿನ. ಮೂರನೇ ವಾರದ ಕೊನೆಯ ದಿನದ ಓಟ 9 ನಿಮಿಷ, ನಾಲ್ಕನೇ ವಾರದ ಮೊದಲ ದಿನದ್ದು 16 ನಿಮಿಷ. ಹತ್ತಿರ ಹತ್ತಿರ ಎರಡು ಪಟ್ಟು, ಅದೂ ನಡುವಿನ ನಡಿಗೆ ಕಡಿಮೆಯಾಗಿ. ಮೀನಖಂಡ ಹಿಡಿಯುವುದು, ಮೊಣಕಾಲ ಕೆಳಗಿನ ಎಲುಬು ನೋಯುವುದು ಹೆಚ್ಚಾಗಿ ಈ ವಾರವೇ. ಇದಕ್ಕೆ ಮದ್ದು ಸುಲಭ: ಮೂರು ಮತ್ತು ನಾಲ್ಕರ ನಡುವೆ ನಿಮ್ಮದೇ ಒಂದು ವಾರ ಸೇರಿಸಿ. 3 ನಿಮಿಷ ಓಟ, 2 ನಿಮಿಷ ನಡಿಗೆ, ನಾಲ್ಕು ಸಲ. ಒಟ್ಟು 12 ನಿಮಿಷ ಓಟ, 9ಕ್ಕೂ 16ಕ್ಕೂ ನಡುವಿನ ಮೆಟ್ಟಿಲು. ನಲವತ್ತು ದಾಟಿದವರು, ತೂಕ ಹೆಚ್ಚಿರುವವರು ಈ ವಾರವನ್ನು ಕಡ್ಡಾಯವೆಂದೇ ತಿಳಿಯುವುದು ಒಳ್ಳೆಯದು. ಒಂಬತ್ತು ವಾರ ಹತ್ತಾದರೆ ಯಾರೂ ದಂಡ ಹಾಕುವುದಿಲ್ಲ. ನಿಮ್ಮ ಅನುಕೂಲಕ್ಕೆ ತಕ್ಕಂತೆ ವಾರಗಳನ್ನು ಮತ್ತೆ ಮಾಡಿ ಎಂದು ಎನ್‌ಎಚ್‌ಎಸ್ ಕೂಡ ಹೇಳುತ್ತದೆ.

ಇನ್ನು ಆ ಕುಖ್ಯಾತ 20 ನಿಮಿಷ. ಎರಡು ದಿನ ಮುಂಚೆ ಒಂದೇ ಸಮ ಓಡಿದ್ದು 8 ನಿಮಿಷ, ಈಗ 20. ಕಾಗದದ ಮೇಲೆ ಭಯಂಕರ. ಆದರೆ ಒಟ್ಟು ಓಟ 16ರಿಂದ 20ಕ್ಕೆ ಏರಿದೆ, ಅಷ್ಟೆ. ನಾಲ್ಕೇ ನಿಮಿಷ ಹೆಚ್ಚು. ಇಲ್ಲಿ ಸೋಲುವುದು ಕಾಲಲ್ಲ, ಮೊದಲ ಮೂರು ನಿಮಿಷದ ಗಡಿಬಿಡಿ. ಎಂಟು ನಿಮಿಷದ ಓಟಕ್ಕೆ ಹೊರಟ ವೇಗದಲ್ಲೇ ಇದಕ್ಕೂ ಹೊರಟರೆ ಹನ್ನೊಂದನೇ ನಿಮಿಷಕ್ಕೆ ಏದುಸಿರು. ಹಿಂದಿನ ದಿನಕ್ಕಿಂತ ನಿಧಾನ, ಮುಜುಗರವಾಗುವಷ್ಟು ನಿಧಾನವಾಗಿ ಹೊರಡಬೇಕು. ಅಷ್ಟಾದರೂ ಆಗದಿದ್ದರೆ ಆರನೇ ವಾರದ ಎರಡನೇ ದಿನದ 10-3-10 (ನಡುವಿನ 3 ನಿಮಿಷ ನಡಿಗೆ) ಅನ್ನು ಮೊದಲು ಮಾಡಿ, ಎರಡು ದಿನ ಬಿಟ್ಟು 20ಕ್ಕೆ ಬನ್ನಿ. ಹಾಗೆ ನೋಡಿದರೆ ವೇಳಾಪಟ್ಟಿ ಬರೆದವರೇ ಈ ಕ್ರಮ ಇಡಬಹುದಿತ್ತು. 20 ನಿಮಿಷ ಓಡಿ ಬೀಗಿದವರಿಗೆ ಆರನೇ ವಾರದ ಮೊದಲ ದಿನ ಮತ್ತೆ ಐದು, ಎಂಟು ಎಂದು ತುಂಡು ಓಟ ಕೊಡುತ್ತಾರೆ. ಇದು ಸುಲಭ ಎಂದುಕೊಂಡು ಜೋರಾಗಿ ಓಡಿ, ಸುಸ್ತಾಗಿ, ‘ನನ್ನಿಂದ ಆಗದು’ ಎಂದು ಕೈಚೆಲ್ಲುವವರು ಬಹಳ.

ಈಗ ಹೆಸರಿನ ತಕರಾರು. ಒಂಬತ್ತನೇ ವಾರದ ಗುರಿ 30 ನಿಮಿಷ. ಅಷ್ಟರಲ್ಲಿ ಐದು ಕಿಲೋಮೀಟರ್ ಮುಗಿಯಬೇಕಾದರೆ ಒಂದು ಕಿಲೋಮೀಟರನ್ನು 6 ನಿಮಿಷದಲ್ಲಿ, ಅಂದರೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡಬೇಕು. ಎಂದೂ ಓಡದವರಿಗೆ ಒಂಬತ್ತು ವಾರದಲ್ಲಿ ಇದು ಸಾಮಾನ್ಯವಾಗಿ ಬರುವ ವೇಗವಲ್ಲ. ಏಳೂವರೆ, ಎಂಟು ನಿಮಿಷಕ್ಕೊಂದು ಕಿಲೋಮೀಟರ್ ಎಂಬುದೇ ಹೊಸಬರ ನೆಮ್ಮದಿಯ ವೇಗ. ಆ ಲೆಕ್ಕದಲ್ಲಿ 30 ನಿಮಿಷಕ್ಕೆ ಆಗುವುದು 4 ಕಿ.ಮೀ. ಅಥವಾ ಅದಕ್ಕೂ ಸ್ವಲ್ಪ ಕಡಿಮೆ. ಕ್ಲಾರ್ಕ್ ಅವರ ಮೂಲ ಪಟ್ಟಿಯಲ್ಲಿ ಸಮಯ ಅಥವಾ ದೂರ, ಎರಡರಲ್ಲಿ ಒಂದನ್ನು ಹಿಡಿದು ಹೋಗುವ ಅವಕಾಶವಿತ್ತು. ಆ್ಯಪ್ ಸಮಯವನ್ನು ಇಟ್ಟುಕೊಂಡಿತು, ಹೆಸರಿನಲ್ಲಿ ದೂರ ಉಳಿದುಬಿಟ್ಟಿತು. ಎಂಟನೇ ವಾರ ಫೋನಿನ ನಕ್ಷೆ ನೋಡಿ ‘ಮೂರೂವರೆ ಕಿಲೋಮೀಟರೇ ಆಗಿದ್ದು’ ಎಂದು ಪೆಚ್ಚಾಗಿ, ವೇಗ ಹೆಚ್ಚಿಸಲು ಹೋಗಿ ಗಾಯ ಮಾಡಿಕೊಳ್ಳುವುದು ಈ ಹೆಸರಿನ ಫಲ. 28 ನಿಮಿಷ ನಿಲ್ಲದೆ ಓಡಿದವರು ಪೆಚ್ಚಾಗಬೇಕಾದ ಯಾವ ಕಾರಣವೂ ಇಲ್ಲ.

ಯೋಜನೆಯಲ್ಲಿ ಇಲ್ಲದ, ಇರಲೇಬೇಕಿದ್ದ ಪಾಠ ವೇಗದ್ದು. ನಿಧಾನವಾಗಿ ಓಡಿ ಎಂದು ದನಿ ಹೇಳುತ್ತದೆ. ನಿಧಾನ ಎಂದರೆ ಎಷ್ಟು ಎಂಬುದು ಓಡದವರಿಗೆ ಗೊತ್ತಿರುವುದಿಲ್ಲ. ಶಾಲೆಯಲ್ಲಿ ಕಲಿತ ಓಟವೆಂದರೆ 100 ಮೀಟರ್ ಸ್ಪರ್ಧೆಯ ಓಟ, ಇಲ್ಲವೇ ಬಸ್ ಹಿಡಿಯುವ ಓಟ. ಮೊದಲ ವಾರದ ಒಂದು ನಿಮಿಷದಲ್ಲಿ ನೀವು ಸಾಗಬೇಕಾದದ್ದು 125ರಿಂದ 135 ಮೀಟರ್. ಆ ಒಂದು ನಿಮಿಷದಲ್ಲಿ 200 ಮೀಟರ್ ಹೋಗಿದ್ದರೆ ನಿಮ್ಮ ವೇಗ ಐದು ಕಿಲೋಮೀಟರನ್ನು 25 ನಿಮಿಷದಲ್ಲಿ ಮುಗಿಸುವವರದ್ದು. ನಾಲ್ಕನೇ ಸುತ್ತಿಗೆ ಕಣ್ಣು ಕತ್ತಲಿಡದಿದ್ದರೆ ಆಶ್ಚರ್ಯ. ಜಿಲ್ಲಾ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್ ಸಿಕ್ಕರೆ ಒಳಗಿನ ಲೇನಿನಲ್ಲಿ ಒಂದು ಸುತ್ತಿಗೆ 3 ನಿಮಿಷದಿಂದ 3 ನಿಮಿಷ 12 ಸೆಕೆಂಡ್ ಬರಲಿ. ಟ್ರೆಡ್‌ಮಿಲ್ಲಿನಲ್ಲಾದರೆ ಗಂಟೆಗೆ 7.5ರಿಂದ 8 ಕಿ.ಮೀ. ಅಳತೆ ಯಾವುದೂ ಇಲ್ಲದಿದ್ದರೆ ಮಗ್ಗಿ ಇದೆಯಲ್ಲ. ಓಡುತ್ತಲೇ ಗಟ್ಟಿಯಾಗಿ ‘ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು, ಎರಡ್ಮೂರ್ಲೆ ಆರು’ ಎನ್ನಿ. ಮೂರು ಸಾಲು ಒಂದೇ ಉಸಿರಿಗೆ ಬಂದರೆ ವೇಗ ಸರಿಯಿದೆ. ‘ಎರಡೊಂದ್ಲೆ’ಗೇ ಉಸಿರು ಕಟ್ಟಿದರೆ ವೇಗ ಇಳಿಸಿ. ಪಾರ್ಕಿನಲ್ಲಿ ನಾಲ್ಕು ಜನ ತಿರುಗಿ ನೋಡಬಹುದು, ನೋಡಲಿ.

ನಿಧಾನ ಮಾಡುವಾಗ ಇನ್ನೊಂದು ತಪ್ಪು ನುಸುಳುತ್ತದೆ. ಹೆಜ್ಜೆಯ ಸಂಖ್ಯೆ ಕಡಿಮೆ ಮಾಡಿ, ಒಂದೊಂದನ್ನೂ ಉದ್ದಕ್ಕೆ ಚಾಚಿ, ಹಿಮ್ಮಡಿಯನ್ನು ಮುಂದಕ್ಕೆ ಕುಟ್ಟುತ್ತಾರೆ. ಪ್ರತಿ ಕುಟ್ಟೂ ಬ್ರೇಕ್ ಹಾಕಿದಂತೆ. ಹೊಡೆತ ನೇರ ಮೊಣಕಾಲಿಗೆ. ಮಾಡಬೇಕಾದದ್ದು ತಿರುಗುಮುರುಗು: ಹೆಜ್ಜೆ ಚಿಕ್ಕದು, ಸಂಖ್ಯೆ ಹೆಚ್ಚು, ಪಾದ ಸೊಂಟದ ಕೆಳಗೇ ಬೀಳಬೇಕು. ಬಲಗಾಲು ನೆಲ ಮುಟ್ಟುವುದನ್ನು 30 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. 145 ಬಂದರೆ 155ಕ್ಕೆ ಏರಿಸಲು ನೋಡಿ. 180 ಎಂಬ ಮಂತ್ರಸಂಖ್ಯೆಯ ಬೆನ್ನು ಹತ್ತಬೇಡಿ, ಅದು ವೇಗವಾಗಿ ಓಡುವವರ ಲೆಕ್ಕ. ಹೆಜ್ಜೆಯ ಸಪ್ಪಳ ಕಡಿಮೆಯಾಗಿದೆಯೇ ಎಂದು ಕಿವಿಗೊಟ್ಟರೂ ಸಾಕು.

ಓಟ ಬೇಡವೆನ್ನುವವರು ಸಾಮಾನ್ಯವಾಗಿ ಅದರ ಮೊದಲ ಎಂಟು, ಹತ್ತು ನಿಮಿಷವನ್ನು ಮಾತ್ರ ಕಂಡವರು. ಸ್ನಾಯುಗಳಿಗೆ ರಕ್ತ ಹೆಚ್ಚಿ, ಉಸಿರು ಬೇಡಿಕೆಗೆ ಹೊಂದಿಕೊಳ್ಳಲು ಸಮಯ ಹಿಡಿಯುತ್ತದೆ. ಅಲ್ಲಿಯತನಕ ಕಾಲು ಮರದ ಕೊರಡು. ಹಳೆಯ ಓಟಗಾರರಿಗೂ ಮೊದಲ ಕಿಲೋಮೀಟರ್ ಹೀಗೆಯೇ ಇರುತ್ತದೆ, ಅವರು ಅದಕ್ಕೆ ಬೆಲೆ ಕೊಡುವುದಿಲ್ಲ ಅಷ್ಟೆ. ಈ ಯೋಜನೆಯ ಮೊದಲ ನಾಲ್ಕು ವಾರಗಳಲ್ಲಿ ಆ ಕೊರಡಿನ ಭಾಗವೇ ಮತ್ತೆ ಮತ್ತೆ ಬರುತ್ತದೆ: ಹದಕ್ಕೆ ಬರುವಷ್ಟರಲ್ಲಿ ‘ಈಗ ನಡೆಯಿರಿ’. ಹಾಗಾಗಿ ಆ ನಾಲ್ಕು ವಾರ ಖುಷಿ ನಿರೀಕ್ಷಿಸಬೇಡಿ. ಖುಷಿ ಬರುವುದು ಏಳನೇ ವಾರದ ಆಸುಪಾಸಿನಲ್ಲಿ. 25 ನಿಮಿಷದ ಓಟದಲ್ಲಿ ಹನ್ನೆರಡನೇ ನಿಮಿಷದ ಮೇಲೆ ಉಸಿರು, ಹೆಜ್ಜೆ ಒಂದು ಲಯಕ್ಕೆ ಕೂಡಿಕೊಂಡು ಮನಸ್ಸು ಗಡಿಯಾರ ಬಿಟ್ಟು ಬೇರೆಲ್ಲೋ ಹೋಗಿರುತ್ತದೆ. ದೂರದ ಓಟವನ್ನು ಜನ ಹಚ್ಚಿಕೊಳ್ಳುವುದು ಈ ನಡುವಿನ ಭಾಗಕ್ಕಾಗಿ. ಆರನೇ ವಾರಕ್ಕೆ ಬಿಟ್ಟವರಿಗೆ ಇದರ ಪರಿಚಯವೇ ಆಗಿರುವುದಿಲ್ಲ ಎಂಬುದು ಬೇಸರದ ಸಂಗತಿ. ಏಳನೇ ವಾರ ಒಂದು ಓಟವನ್ನಾದರೂ ಇಯರ್‌ಫೋನ್ ಇಲ್ಲದೆ ಓಡಿ ನೋಡಿ. ಲಾರಾ ಕೋಪ ಮಾಡಿಕೊಳ್ಳುವುದಿಲ್ಲ.

ಎಲ್ಲೆಲ್ಲಿ ನೋಯುತ್ತದೆ ಎಂಬುದನ್ನು ಆ್ಯಪ್ ಮೇಲುಮೇಲಕ್ಕೆ ಹೇಳಿ ಬಿಡುತ್ತದೆ; ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊಣಕಾಲ ಕೆಳಗಿನ ದೊಡ್ಡ ಎಲುಬಿನ ಒಳಅಂಚಿನ ಉದ್ದಕ್ಕೂ ಹರಡಿದ ನೋವು, ಓಡಲು ಶುರುಮಾಡಿದಾಗ ಇದ್ದು ಬಿಸಿಯಾದ ಮೇಲೆ ಕಡಿಮೆಯಾಗುವಂಥದ್ದು, ಹೊಸಬರ ಮಾಮೂಲಿ ಕಾಯಿಲೆ. ಹೊರೆ ಬೇಗ ಏರಿದೆ ಎಂದರ್ಥ. ಒಂದು ವಾರ ಹಿಂದಕ್ಕೆ ಹೋಗಿ. ಆದರೆ ಒಂದು ಬೆರಳು ಇಟ್ಟು ‘ಇಲ್ಲೇ’ ಎಂದು ತೋರಿಸಬಹುದಾದ, ಒತ್ತಿದರೆ ಜೀವ ಹೋಗುವ, ರಾತ್ರಿಯೂ ಬಿಡದ ನೋವಾದರೆ ಎಲುಬಿನಲ್ಲಿ ಬಿರುಕಿನ ಅನುಮಾನ. ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮೆಟ್ಟಿಲು ಇಳಿಯುವಾಗ, ಚಕ್ಕಳಮಕ್ಕಳ ಕೂತು ಏಳುವಾಗ ಮಂಡಿಚಿಪ್ಪಿನ ಸುತ್ತ ನೋವೆಂದರೆ ಹೆಜ್ಜೆ ಉದ್ದವಾಗಿದೆ, ಇಲ್ಲವೇ ತೊಡೆ ಮತ್ತು ಸೊಂಟದ ಬಲ ಸಾಲದು. ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಸೂಜಿ ಚುಚ್ಚಿದಂತಾದರೆ ಅಂಗಾಲಿನ ತಂತುಪಟ್ಟಿ ಕೆರಳಿದೆ. ನಮ್ಮ ಮನೆಗಳ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದು ಇದಕ್ಕೆ ತುಪ್ಪ ಸುರಿಯುತ್ತದೆ. ಕೆಲವು ವಾರ ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ. ಪಕ್ಕೆ ಹಿಡಿಯುವುದು ಕಾಯಿಲೆಯಲ್ಲ. ತಿಂದು ಎರಡು ಗಂಟೆಯೊಳಗೆ ಓಡಿದ್ದಕ್ಕೆ ಅಥವಾ ಮೇಲುಸಿರು ಎಳೆದದ್ದಕ್ಕೆ ಬರುತ್ತದೆ. ನಡೆದು, ಬಾಯಿಯಿಂದ ನಿಧಾನವಾಗಿ ಪೂರ್ತಿ ಉಸಿರು ಬಿಟ್ಟರೆ ಹೋಗುತ್ತದೆ.

ಬಿಡುವಿನ ದಿನಗಳಲ್ಲಿ ಏನು ಮಾಡಬೇಕೆಂಬುದು ವೇಳಾಪಟ್ಟಿಯಲ್ಲಿಲ್ಲ. ವಾರಕ್ಕೆರಡು ಸಲ ಹತ್ತು ನಿಮಿಷ ಸಾಕು. ಬಸ್ಕಿ 12ರಂತೆ ಎರಡು ಸುತ್ತು. ಮೇಷ್ಟ್ರು ಹೊಡೆಸಿದಷ್ಟು ಆಳಕ್ಕೆ ಬೇಡ, ಕುರ್ಚಿಯ ಎತ್ತರದವರೆಗೆ. ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ಹಿಮ್ಮಡಿ ಎತ್ತುವುದು 15ರಂತೆ ಮೂರು ಸುತ್ತು. ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ, ಏಕೆಂದರೆ ರಜ್ಜು ಗಟ್ಟಿಯಾಗುವುದು ಆ ಇಳಿತದಲ್ಲೇ. ಅಂಗಾತ ಮಲಗಿ, ಮೊಣಕಾಲು ಮಡಚಿ ಸೊಂಟ ಎತ್ತುವುದು 12ರಂತೆ ಎರಡು ಸುತ್ತು.

ಶೂ ವಿಚಾರದಲ್ಲಿ ಅಂಗಡಿಯವರಿಗಿಂತ ಲೆಕ್ಕ ನಂಬುವುದು ಒಳ್ಳೆಯದು. ಒಂಬತ್ತು ವಾರದಲ್ಲಿ ನಡಿಗೆಯೂ ಸೇರಿ ನೀವು ಸಾಗುವುದು ಸುಮಾರು 100 ಕಿ.ಮೀ. ಓಟದ ಶೂ 500ರಿಂದ 800 ಕಿ.ಮೀ. ಬಾಳುತ್ತದೆ. ದುಬಾರಿ ಕಾರ್ಬನ್ ಪ್ಲೇಟಿನ ಶೂ ಈ ಹಂತದಲ್ಲಿ ದುಂದುವೆಚ್ಚ, ಮೇಲಾಗಿ ಆ ಗಡಸು ಅಡಿಗೆ ಹೊಸ ಪಾದ ಒಗ್ಗಿರುವುದಿಲ್ಲ. ಬೇಕಾದದ್ದು ಓಟಕ್ಕೆಂದೇ ಮಾಡಿದ ಸಾದಾ ಶೂ. ಸಂಜೆ ಪಾದ ಸ್ವಲ್ಪ ಊದಿರುವಾಗ ಹೋಗಿ, ಓಡುವಾಗ ಹಾಕುವ ಕಾಲುಚೀಲ ಹಾಕಿಕೊಂಡೇ ನೋಡಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನ ಅಗಲ ಜಾಗ ಬಿಟ್ಟಿರಬೇಕು. ಬಟ್ಟೆಯಲ್ಲಿ ಹತ್ತಿ ಬೇಡ, ಕಾಲುಚೀಲದಲ್ಲಂತೂ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿದು ಉಜ್ಜುತ್ತದೆ, ಗುಳ್ಳೆ ಏಳುತ್ತದೆ. ತೊಡೆ ಉಜ್ಜುವವರಿಗೆ ಕೊಬ್ಬರಿ ಎಣ್ಣೆ ಹತ್ತು ನಿಮಿಷಕ್ಕೆ ಆರಿಹೋಗುತ್ತದೆ, ಪೆಟ್ರೋಲಿಯಂ ಜೆಲ್ಲಿ ನಿಲ್ಲುತ್ತದೆ.

ಬ್ರಿಟನ್ನಿನ ಚಳಿಗೆ ಒಗ್ಗಿದ ಯೋಜನೆಯನ್ನು ನಮ್ಮ ಊರುಗಳಲ್ಲಿ ಹಾಗೇ ಇಳಿಸಲಾಗುವುದಿಲ್ಲ. ಬೆಂಗಳೂರು, ಮೈಸೂರಿನವರು ಅದೃಷ್ಟವಂತರು. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಕುಕ್ಕರಹಳ್ಳಿ ಕೆರೆ ಏರಿಯಂಥ ಜಾಗಗಳಲ್ಲಿ ಬೆಳಗಿನ ತಂಪು, ಮರದ ನೆರಳು, ಮಣ್ಣಿನ ದಾರಿ ಮೂರೂ ಸಿಗುತ್ತವೆ. ಮಂಗಳೂರು, ಉಡುಪಿಯ ಕಡೆ ಸಮಸ್ಯೆ ಬಿಸಿಲಿಗಿಂತ ತೇವದ್ದು. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಅದೇ ವೇಗಕ್ಕೆ ಎದೆಬಡಿತ ಹೆಚ್ಚು. ಅಲ್ಲಿ ಗಡಿಯಾರದ ವೇಗ ಮರೆತು ಮಗ್ಗಿಯನ್ನೇ ನಂಬಿ. ಕಲಬುರಗಿ, ರಾಯಚೂರಿನಲ್ಲಿ ಮಾರ್ಚ್‌ನಿಂದ ಮೇ ತನಕ ಸೂರ್ಯ ಏರುವ ಮುಂಚೆ ಮುಗಿಸಬೇಕು, ಇಲ್ಲವಾದರೆ ಜೂನ್‌ಗೆ ಮುಂದೂಡಿ. ಅಲ್ಲಿ ಒಂಬತ್ತು ವಾರ ಶುರುಮಾಡಲು ಒಳ್ಳೆಯ ತಿಂಗಳು ನವೆಂಬರ್. ರಸ್ತೆಯಲ್ಲೇ ಓಡುವುದಾದರೆ ಎದುರು ಬರುವ ವಾಹನಗಳ ಬದಿ ಹಿಡಿಯಿರಿ. ಡಾಂಬರು ರಸ್ತೆ ಅಂಚಿಗೆ ಇಳಿಜಾರಾಗಿರುವುದರಿಂದ ಒಂದೇ ಕಾಲಿಗೆ ಹೆಚ್ಚು ಹೊರೆ ಬೀಳುತ್ತದೆ; ವಾಹನ ಬಾರದ ಕಾಲೊನಿ ರಸ್ತೆಯಲ್ಲಾದರೆ ದಿನ ಬಿಟ್ಟು ದಿನ ದಿಕ್ಕು ಬದಲಿಸಿ. ಬೀದಿನಾಯಿ ಅಟ್ಟಿಸಿ ಬಂದರೆ ವೇಗ ಹೆಚ್ಚಿಸಬೇಡಿ, ನಿಂತು, ದಿಟ್ಟಿಸದೆ, ನಡೆದು ದಾಟಿ. ಟೈಮರ್ ‘ಓಡಿ’ ಎಂದರೂ ಸರಿ. ಅದಕ್ಕೆ ನಾಯಿ ಕಾಣಿಸುವುದಿಲ್ಲ.

ಕನ್ನಡದ ದನಿ ಈ ಆ್ಯಪ್‌ನಲ್ಲಿಲ್ಲ. ಇಂಗ್ಲಿಷಿನ ಗೊಡವೆ ಬೇಡದವರು, ಆ್ಯಪೇ ಬೇಡವೆನ್ನುವವರು ಅದನ್ನು ಬಿಟ್ಟುಬಿಡಬಹುದು. ಮೇಲೆ ಕೊಟ್ಟ ಅಂಕಿಗಳೇ ಹೆಚ್ಚುಕಡಿಮೆ ಪೂರ್ತಿ ಯೋಜನೆ. ಮೊದಲ ನಾಲ್ಕು ವಾರಕ್ಕೆ ಫೋನಿನ ಯಾವುದಾದರೂ ಇಂಟರ್ವಲ್ ಟೈಮರ್ ಸಾಕು. ಐದನೇ ವಾರದಿಂದ ಕೈಗಡಿಯಾರ ಸಾಕು. ಅಮ್ಮನಿಗೋ ಅಪ್ಪನಿಗೋ ಶುರುಮಾಡಿಸುವುದಾದರೆ ‘ಅಮ್ಮ, ಈಗ ನಡಿ’ ಎಂದು ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕೊಡಿ. ಕ್ಲಾರ್ಕ್ ಪಟ್ಟಿ ಹುಟ್ಟಿದ್ದೂ ಅಂಥದೇ ಉದ್ದೇಶಕ್ಕೆ. ಹೃದಯದ ತೊಂದರೆ, ಅಧಿಕ ರಕ್ತದೊತ್ತಡ ಇದ್ದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು. ಇನ್ಸುಲಿನ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಓಡುವುದಂತೂ ಕೂಡದು. ಉಳಿದವರಿಗೆ ಅರ್ಧ ಗಂಟೆಯ ಓಟಕ್ಕೆ ಮುಂಚೆ ಏನೂ ತಿನ್ನಬೇಕಿಲ್ಲ, ಬೇಕೆನಿಸಿದರೆ ಅರ್ಧ ಬಾಳೆಹಣ್ಣು. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಆ ದಿನದ ಓಟ ಅಲ್ಲಿಗೇ ಮುಗಿಸಿ ಆಸ್ಪತ್ರೆ ನೋಡಬೇಕು.

ಇದೇ ದಾರಿಯ ಬೇರೆ ಎರಡು ವಿಧಾನಗಳೂ ಇವೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಓಡಿದ ಜೆಫ್ ಗ್ಯಾಲೋವೆ ಅವರ ಓಟ-ನಡಿಗೆ-ಓಟ ಪದ್ಧತಿಯಲ್ಲಿ ನಡಿಗೆಯನ್ನು ಎಂದೂ ಕೈಬಿಡುವುದಿಲ್ಲ. ಮ್ಯಾರಥಾನಿನಲ್ಲೂ ಅಳತೆ ಪ್ರಕಾರ ನಡೆಯುತ್ತಾರೆ. ಮಂಡಿ ಹಳೆಯದಾದವರಿಗೆ ಕೌಚ್ ಟು 5ಕೆಗಿಂತ ಅದು ಒಗ್ಗೀತು. ಜಪಾನಿನ ಫುಕುವೋಕಾ ವಿಶ್ವವಿದ್ಯಾಲಯದ ಹಿರೋಆಕಿ ತನಾಕಾ ಪ್ರಚಾರಕ್ಕೆ ತಂದ ನಿಧಾನ ಜಾಗಿಂಗ್‌ನಲ್ಲಿ ‘ನಿಕೋ ನಿಕೋ’, ಅಂದರೆ ನಗುಮುಖದ ವೇಗ ಎಂಬ ಮಾತಿದೆ: ನಗುತ್ತಾ ಓಡಲಾಗದಿದ್ದರೆ ಅದು ಜೋರಾಯಿತು. ಕೌಚ್ ಟು 5ಕೆ ವೇಳಾಪಟ್ಟಿಯನ್ನು ನಿಕೋ ನಿಕೋ ವೇಗದಲ್ಲಿ ಓಡುವುದು, ನಮ್ಮ ಮಟ್ಟಿಗೆ, ಎರಡರಲ್ಲಿ ಯಾವುದಕ್ಕಿಂತಲೂ ವಾಸಿ.

ಒಂಬತ್ತನೇ ವಾರದ ನಂತರ ಏನು ಎಂಬುದು ಈ ವೇಳಾಪಟ್ಟಿಯಲ್ಲಿಲ್ಲ. ಜನ ಮತ್ತೆ ಸೋಫಾ ಸೇರುವ ಅಪಾಯ ಈ ಹತ್ತನೇ ವಾರದಲ್ಲೇ ಹೆಚ್ಚು. ವಾರದ ಮೂರರಲ್ಲಿ ಎರಡು ಓಟ 30 ನಿಮಿಷವೇ ಇರಲಿ. ಮೂರನೆಯದಕ್ಕೆ ವಾರಕ್ಕೆ 3 ನಿಮಿಷ ಸೇರಿಸಿ: 33, 36, 39, 42. ಕಿಲೋಮೀಟರಿಗೆ ಎಂಟು ನಿಮಿಷದವರೂ ಹೀಗೆ ಸೇರಿಸತೊಡಗಿದ ನಾಲ್ಕನೇ ವಾರಕ್ಕೆ, 40ನೇ ನಿಮಿಷದಲ್ಲಿ, ನಿಜವಾದ ಐದು ಕಿಲೋಮೀಟರ್ ಮುಟ್ಟುತ್ತಾರೆ. ಟ್ರ್ಯಾಕಿನಲ್ಲಾದರೆ ಹನ್ನೆರಡೂವರೆ ಸುತ್ತು. ಮುಂದೆ ಒಂದು ತಾರೀಖು ಗೊತ್ತಿದ್ದರೆ ಕಾಲು ಎಳೆಯುವುದು ಕಡಿಮೆ. 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಬರುತ್ತದೆ, ಅದರ ಜೊತೆಯ ಮಜಾ ರನ್‌ನಲ್ಲಿ ಗಡಿಯಾರದ ಹಂಗಿಲ್ಲ. ಜನವರಿ ಮೊದಲ ವಾರ ಶುರುಮಾಡಿದರೆ ಹೊಂದುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇನ್ನೂ ಸುಲಭ. ಕೌಚ್ ಟು 5ಕೆ ಮುಗಿಸಿದವರು ಅಲ್ಲಿ ಹೋಗುವುದು ಪಾರ್ಕ್‌ರನ್‌ಗೆ. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು, ನಮ್ಮ ಗಾಂಧಿ ಜಯಂತಿಯ ದಿನ, ಹದಿಮೂರು ಜನರಿಂದ ಶುರುವಾದ ಈ ಓಟ ಈಗ ಶನಿವಾರ ಬೆಳಿಗ್ಗೆ ಊರೂರಲ್ಲಿ ನಡೆಯುತ್ತದೆ. ದೂರ ಸರಿಯಾಗಿ ಐದು ಕಿಲೋಮೀಟರ್, ಶುಲ್ಕವಿಲ್ಲ, ನಡೆದರೂ ನಡೆಯುತ್ತದೆ. ಎಲ್ಲರಿಗಿಂತ ಹಿಂದೆ ಬರುವುದಕ್ಕೆಂದೇ ಒಬ್ಬ ಸ್ವಯಂಸೇವಕರು ನೇಮಕವಾಗಿರುತ್ತಾರೆ, ಹಾಗಾಗಿ ಕೊನೆಯವರಾಗುವ ಭಯ ಯಾರಿಗೂ ಇಲ್ಲ. ಒಮ್ಮೆ ಹೆಸರು ನೋಂದಾಯಿಸಿ, ಸಿಗುವ ಬಾರ್‌ಕೋಡನ್ನು ಪ್ರತಿ ಸಲ ತೆಗೆದುಕೊಂಡು ಹೋಗಬೇಕು. ಮರೆತರೆ ಓಡಲು ಅಡ್ಡಿಯಿಲ್ಲ, ನಿಮ್ಮ ಸಮಯ ಮಾತ್ರ ದಾಖಲಾಗುವುದಿಲ್ಲ.